ಯರ್ರಿಸ್ವಾಮಿಯ ಪ್ಯಾಂಟು, ಹೊನ್ನೂರಪ್ಪನ ತೈ ಚಿ

ಯರ್ರಿಸ್ವಾಮಿ: ಹತ್ತು ಗಂಟಿ ಬಸ್ಸು ತಪ್ಪಿದ್ರ ಹೆಣ್ಣೂ ತಪ್ಪೀತ್ರಿ ಮಾಸ್ಟರ್! ಮೂರು ಕಡಿ ಆಗ್ಲೇ ನನ್ನ ಬ್ಯಾಡ ಅಂದಾರ. ನಮ್ಮಪ್ಪ ಬಸ್ ಸ್ಟ್ಯಾಂಡಿನಾಗ ಕಾಯಾಕತ್ತಾನ. ಪ್ಯಾಂಟು ಕೊಡ್ರಿ!

ಭೈರವಾನಿತಿಪ್ಪಕ್ಕೆ ಹೆಣ್ಣು ನೋಡಲು ಹೊರಟವನು ರಾಯದುರ್ಗದ ಟೈಲರ್ ಅಂಗಡಿಯಲ್ಲಿ ಲುಂಗಿ ಉಟ್ಟು ನಿಂತಿದ್ದ. ಟೈಲರ್ ಹೊನ್ನೂರಪ್ಪ ಮಾತ್ರ ಮಂಡಿ ಬಗ್ಗಿಸಿ, ಎರಡೂ ಕೈ ಗಾಳಿಯಲ್ಲಿ ತೇಲಿಸುತ್ತಿದ್ದ.

ಹೊನ್ನೂರಪ್ಪ: ಗುಂಡಿ ಒಂದ ಬಾಕಿ. ಇದು ಮುಗೀಲಿ, ನಡುವ ಬಿಡಬಾರದು.

ಯರ್ರಿಸ್ವಾಮಿ: ಮೈಮ್ಯಾಲ ಏನರ ಬಂದೈತೇನ್ರಿ?

ಹೊನ್ನೂರಪ್ಪ: ತೈ ಚಿ ಅಪ್ಪಾ. ಚೀನಾದ ಹಳೇ ವಿದ್ಯೆ. ಮಿಷನ್ ತುಳಿದು ತುಳಿದು ಸೊಂಟ ಹಿಡಿದಿತ್ತು. ಡಾಕ್ಟರಮ್ಮ ಹೇಳಿದ್ರು, ಫೋನ್ ನೋಡಿ ಕಲ್ತೀನಿ. ಇದು ವ್ಯಾಯಾಮನೂ ಹೌದು, ಫೈಟಿಂಗೂ ಹೌದು.

ಯರ್ರಿಸ್ವಾಮಿ: ಇಷ್ಟು ಮೆಲ್ಲಕ ಹೊಡೆದ್ರ, ಏಟು ಬೀಳೋದ್ರೊಳಗ ವೈರಿ ಉಂಡು ಬರ್ತಾನ!

ಹೊನ್ನೂರಪ್ಪ: ಬಲಕ್ಕ ಬಲ ಕೊಡೋದಲ್ಲ ಇದು. ಯಾರರ ತಳ್ಳಿದ್ರ ಎದುರು ನಿಲ್ಲಬಾರದು. ಜಾಗ ಕೊಟ್ಟು ಪಕ್ಕಕ್ಕ ತಿರುಗಿಸಬೇಕು. ಮೈ ಸಡಿಲ ಇರಬೇಕು, ಉಸಿರು ಹೊಕ್ಕಳ ಕೆಳಗ ಇಳೀಬೇಕು.

ಯರ್ರಿಸ್ವಾಮಿ: ಈಗ ತಳ್ತೀನಿ, ಹೋಗಿ ಮಿಷನ್ ಮುಂದ ಕೂಡ್ರಿ!

ಜೋರಾಗಿಯೇ ತಳ್ಳಿದ. ಹೊನ್ನೂರಪ್ಪ ಸೊಂಟವನ್ನಷ್ಟೇ ತಿರುಗಿಸಿದ. ಯರ್ರಿಸ್ವಾಮಿ ಅವನ ಪಕ್ಕದಿಂದ ಹಾದುಹೋಗಿ ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಬಿದ್ದ.

ಯರ್ರಿಸ್ವಾಮಿ: (ಎದ್ದು, ಮೆತ್ತಗೆ) ನನಗೂ ಕಲಿಸ್ರಿ.

ಹೊನ್ನೂರಪ್ಪ ಗುಂಡಿ ಹಚ್ಚುವಷ್ಟು ಹೊತ್ತು ಯರ್ರಿಸ್ವಾಮಿಯೂ ಮಂಡಿ ಬಗ್ಗಿಸಿ, ಹೊಟ್ಟೆ ತುಂಬ ಉಸಿರು ಇಳಿಸಿದ. ಆಮೇಲೆ ಪ್ಯಾಂಟು ಏರಿಸಿದ. ಗುಂಡಿ ಕಾಜಾದ ಹತ್ತಿರವೇ ಬರಲಿಲ್ಲ.

ಯರ್ರಿಸ್ವಾಮಿ: ಎರಡು ಬೆರಳು ಬಿಗಿ ಹೊಲ್ದೀರಲ್ರಿ!

ಹೊನ್ನೂರಪ್ಪ: ಅಳತಿ ತಗೊಳ್ಳಾಗ ಹೊಟ್ಟಿ ಒಳಗ ಎಳಕೊಂಡು ಹೀರೋ ಹಂಗ ನಿಂತೋನು ಯಾರು? ಈಗ ಉಸಿರು ಮ್ಯಾಲ ಎಳಕೊ.

ಯರ್ರಿಸ್ವಾಮಿ: ಕೆಳಗ ಇಳಿಸು ಅಂದ್ರಿ!

ಹೊನ್ನೂರಪ್ಪ: ಮದುವಿ ಆದಮ್ಯಾಲ ಇಳಿಸು.

ಇಬ್ಬರೂ ಹೆಣಗಾಡಿ ಗುಂಡಿ ಹಾಕಿದರು.

ಯರ್ರಿಸ್ವಾಮಿ: (ಉಸಿರು ಹಿಡಿದು) ಅವ್ರ ಮನ್ಯಾಗ ಮಂಡಕ್ಕಿ, ಮಿರ್ಚಿ ಕೊಡ್ತಾರ್ರಿ. ಬ್ಯಾಡ ಅಂದ್ರೂ ತಟ್ಟೀನ ಮುಂದಕ್ಕ ತಳ್ತಾರ. ಒಂದು ತಿಂದ್ರ ಗುಂಡಿ ಹಾರಿ ಹುಡುಗಿಗೇ ಬಡೀತೈತಿ!

ಹೊನ್ನೂರಪ್ಪ: ಈಗಷ್ಟ ಕಲಿಸಿದೆನಲ್ಲೋ! ತಳ್ಳಿದ್ರ ಎದುರು ನಿಲ್ಲಬ್ಯಾಡ. ಸೊಂಟ ಮೆಲ್ಲಕ ತಿರುಗಿಸಿ, ತಟ್ಟೀನ ನಿಮ್ಮಪ್ಪನ ಕಡಿಗೆ ಬಿಡು. ಅವ್ರು ಪಂಚೆ ಉಡ್ತಾರ.