ರೇಡಿಯೋ ಕಾರಿನ ಪೂಜೆ

ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವ ನನಗೆ ಒಂದು ಆಟದ ಕಾರು ಆರಿಸುವುದು ಏನು ಮಹಾ! ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಗಳು ಪುಟ್ಟಿ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡು, ಪ್ಲಾಸ್ಟರು ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು. ಬೀದಿಯ ಮಕ್ಕಳು ಓಡುವುದನ್ನೇ ನೋಡುತ್ತಿದ್ದಳು. ನಗು ಬಿಟ್ಟಿದ್ದಳು, ಮಾತೂ ಬಿಟ್ಟಿದ್ದಳು. ಅವಳು ಕೂತಲ್ಲೇ ಕೂತು ಏನನ್ನಾದರೂ ಓಡಿಸಲಿ ಎಂದು ಬೆಂಗಳೂರಿಗೆ ಹೊರಟೆ.

ಅಂಗಡಿಯಲ್ಲಿ ಎರಡು ಬಗೆಯ ರೇಡಿಯೋ ಕಾರುಗಳಿದ್ದವು. ತಂತಿಯೇ ಇಲ್ಲ, ಕೈಯಲ್ಲಿರುವ ಪೆಟ್ಟಿಗೆಯ ಗುಂಡಿ ಒತ್ತಿದರೆ ಅಲ್ಲಿ ಕಾರು ಓಡುತ್ತದೆ!

"ಮೋಜಿಗೋ, ರೇಸಿಗೋ?" ಎಂದ ಅಂಗಡಿಯವನು.

ಮೋಜಿನದು ದಪ್ಪ ಚಕ್ರದ್ದು, ಕಲ್ಲುಮಣ್ಣಿನಲ್ಲೂ ನಿಧಾನವಾಗಿ ಹೋಗುತ್ತದಂತೆ. ರೇಸಿನದು ಬಿಟ್ಟರೆ ಬಾಣ. ನಮ್ಮ ಬೀದಿಯಲ್ಲಿ ರೇಸಿಗೆ ನಿಲ್ಲುವಂಥವು ಎರಡು ಎಮ್ಮೆ ಮಾತ್ರ. ಆದರೂ ವಿಜ್ಞಾನದ ಮೇಷ್ಟ್ರು ನಿಧಾನದ್ದನ್ನು ಕೇಳುವುದುಂಟೇ? "ರೇಸಿಗೆ!" ಎಂದೆ, ಗಂಭೀರವಾಗಿ.

ಮನೆಗೆ ಬಂದರೆ ನನ್ನ ಅವ್ವ ಅಡ್ಡ ನಿಂತಳು. "ಒಸ ಗಾಡಿ ಕಣ್ಲಾ! ಪೂಜೆ ಮಾಡ್ದೆ ಓಡುಸ್ತೀಯಾ? ಮಗೀಗೆ ಮೊದ್ಲೇ ಕಾಲು ಮುರ್ದದೆ."

ಸರಿ, ಶಾಸ್ತ್ರೋಕ್ತವಾಗಿ ಪೂಜೆಯಾಯಿತು. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಹಾರದೊಳಗೆ ಕಾರನ್ನು ಹುಡುಕಬೇಕಾಯಿತು. ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಟ್ಟಳು ಅವ್ವ. ಬೀದಿಯೇ ನೆರೆದಿತ್ತು.

"ಅಪ್ಪ, ನಾನು ಓಡುಸ್ತೀನಿ," ಎಂದು ಪುಟ್ಟಿ ಕೈ ಚಾಚಿದಳು. ಎಷ್ಟು ದಿನಕ್ಕೆ ಬಾಯಿ ಬಿಟ್ಟಿದ್ದಳು!

"ತಡಿಯವ್ವ, ಮೊದ್ಲು ನಾನು ಟೆಸ್ಟು ಮಾಡ್ತೀನಿ," ಎಂದೆ.

ಗುಂಡಿ ಒತ್ತಿದೆ. ಕಾರು ಗುರ್ರೆಂದಿತು, ಕದಲಲಿಲ್ಲ. ಲಾರಿಯಡಿ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಇಲ್ಲಿ ಹಣ್ಣು, ಚಕ್ರ ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ! ರೇಸಿನ ಕಾರು ನಿಂಬೆಹಣ್ಣಿಗೆ ಸೋತು ನಿಂತಿತು.

"ಅಣ್ಣು ತಗೀರಿ ಅತ್ಲಾಗೆ," ಎಂದಳು ಹೆಂಡತಿ ಜಯ.

"ತಗೀಬ್ಯಾಡ, ಅಪಸಕುನ!" ಎಂದಳು ಅವ್ವ.

ನಾನು ವಿಜ್ಞಾನವನ್ನು ನಂಬಿ ಗುಂಡಿಯನ್ನು ಪೂರ್ತಿ ಅದುಮಿದೆ. ಅದೇ ಹೊತ್ತಿಗೆ ಜಯ ಕೈ ಹಾಕಿ ಹಣ್ಣು ಸರಿಸಿಬಿಟ್ಟಳು.

ಅಷ್ಟೇ! ಹೂವಿನ ಸಮೇತ ಕಾರು ಕಿತ್ತುಕೊಂಡು ಹೋಯಿತು. ಕೈ ತೆಗೆದಿದ್ದರೆ ನಿಲ್ಲುತ್ತಿತ್ತು. ಗಾಬರಿಯಲ್ಲಿ ನಾನು ಇನ್ನೂ ಬಿಗಿಯಾಗಿ ಒತ್ತಿದೆ. ಬೀದಿಯ ಕೊನೆಗೆ ಕಬ್ಬಿನ ಗದ್ದೆಗೆ ನೀರು ಹಾಯಿಸುವ ನಾಲೆ. "ನಿಂತ್ಕೊಳ್ಲಾ, ನಿಂತ್ಕೊ!" ಎಂದು ಕಾರಿಗೆ ಕೂಗುತ್ತ, ಪಂಚೆ ಎತ್ತಿಕೊಂಡು ಓಡಿದೆ. ಕಾರು ನಾಲೆಗೆ ಬಿತ್ತು. ಹಿಂದೆಯೇ ನಾನು! ಕೈಗೆ ಸಿಕ್ಕಿದ್ದು ಹಾರ ಮಾತ್ರ.

ಮೈಯೆಲ್ಲ ಕೆಸರು ಮಾಡಿಕೊಂಡು ಪುಟ್ಟಿಯ ಮುಂದೆ ಬಂದು ನಿಂತೆ. ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ.

"ಕಾರು ಓಯ್ತು ಕಣವ್ವ."

ಅವಳ ತುಟಿ ನಡುಗಿತು. ಅಳುತ್ತಾಳೆ ಅಂದುಕೊಂಡೆ. ಕಿಸಕ್ಕನೆ ನಕ್ಕಳು! ನೀರು ಸೋರುತ್ತಿದ್ದ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಗುಂಡಿ ಒತ್ತಿದಳು.

"ಅಪ್ಪ, ಓಡು!"

ಬೀದಿಯೆಲ್ಲ ನೋಡುತ್ತಿತ್ತು. ಓಡಿದೆ.

"ಬಲಕ್ಕೆ!"

ತಿರುಗಿದೆ. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಜಯ ಒಳಗಿನಿಂದ ಸೀಮೆಎಣ್ಣೆ ಡಬ್ಬ ತಂದು ನನ್ನ ಕೈಗೆ ಸಿಕ್ಕಿಸಿದಳು.

"ಈಗ ಎಡಕ್ಕೆ ತಿರುಗ್ಸವ್ವ, ಅಂಗೇ ಸೊಸೈಟಿಗೆ ಓಗ್ಬರ್ಲಿ."

ಪುಟ್ಟಿ ಒತ್ತಿದಳು. ನಾನು ಎಡಕ್ಕೆ ತಿರುಗಿದೆ.