ರೋಸ್‌ಮರಿಯ ವ್ರತ

ಡಚ್ಚರ ನಾಡಿನ ಎನ್ಸ್‌ಕೆಡೆಯ ನಮ್ಮ ಮನೆಯಲ್ಲಿ ಒಂದು ಗಿಡವೂ ಸುಮ್ಮನೆ ಬೆಳೆಯುವುದಿಲ್ಲ, ಏನಾದರೊಂದು ರಂಪ ಮಾಡಿಕೊಂಡೇ ಬೆಳೆಯುತ್ತದೆ. ಕೋವಿಡ್ಡಿನ ಚಳಿಗಾಲದಲ್ಲಿ ಪಕ್ಕದ ಮನೆಯ ಡಚ್ ಅಜ್ಜಿ ಮಗಳ ಊರಿಗೆ ಹೊರಟರು. ಕುಂಡದಲ್ಲಿದ್ದ, ಸೂಜಿಯಂಥ ಎಲೆಯ ಘಮಘಮಿಸುವ ರೋಸ್‌ಮರಿ ಗಿಡವನ್ನು ನಮ್ಮ ಬಾಗಿಲಲ್ಲಿಟ್ಟು, ದೂರ ಸರಿದು ನಿಂತು, "ಹೊರಗಿದ್ದರೆ ಹಿಮಕ್ಕೆ ಸಾಯುತ್ತೆ. ನೀರು ಕಡಿಮೆ, ಬೆಳಕು ಜಾಸ್ತಿ, ಹೀಟರ್ ಬೇಡ. ಈಸ್ಟರ್ ಹೊತ್ತಿಗೆ ನನಗಿದು ಜೀವಂತ ಬೇಕೇ ಬೇಕು" ಎಂದರು. ಮಾತು ಕೊಟ್ಟೆ. ನನ್ನ ಮಾತು ಎಂಥದ್ದು ಅಂತ ಪಾಪ ಅವರಿಗೇನು ಗೊತ್ತು.

೧. ಒಂದೂವರೆ ಮೀಟರ್

ಧಾರವಾಡದಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ, ವಿಮಾನಗಳು ನಿಂತು ನಮ್ಮಲ್ಲೇ ಉಳಿದಿದ್ದರು. ಅವರಿಗೆ ಕುಂಡದ ಗಿಡವೆಂದರೆ ತುಳಸಿ. ತುಳಸಿಯೆಂದರೆ ದಿನಾ ಒಂದು ತಂಬಿಗೆ ನೀರು. ಒಂದೇ ವಾರಕ್ಕೆ ಎಲೆಯ ತುದಿ ಕಪ್ಪಾಯಿತು.

"ಅತ್ತೆ, ಅದಕ್ಕೆ ನೀರು ಆಗಿಬರಲ್ಲ."

"ನೀರಿಲ್ದ ಜೀವಾ ಉಳೀತದೇನ್ರೀ ಅಳಿಯಂದ್ರ?"

ನಿಜ ನಡೆಯದ ಕಡೆ ನನಗೆ ಬೇರೆ ದಾರಿ ಗೊತ್ತು. "ಹೊರಗಿನಿಂದ ಬಂದಿದೆ, ಕ್ವಾರಂಟೈನ್‌ನಲ್ಲಿದೆ. ಹತ್ತಿರ ಹೋದರೆ ನಿಮ್ಮ ಮೂಗಿಗೂ ಕಡ್ಡಿ ತುರುಕ್ತಾರೆ" ಅಂದೆ.

ಮರುದಿನ ಬೆಳಿಗ್ಗೆ ನೋಡಿದರೆ, ಅತ್ತೆ ಮಾಸ್ಕ್ ಹಾಕಿ ಇಲ್ಲಿನ ಸರ್ಕಾರ ಹೇಳಿದ ಒಂದೂವರೆ ಮೀಟರ್ ದೂರದಿಂದ ನೀರು ಎರಚುತ್ತಿದ್ದಾರೆ. ಅರ್ಧ ಗಿಡಕ್ಕೆ, ಅರ್ಧ ಸೋಫಾಕ್ಕೆ.

"ಮುಟ್ಟಿಲ್ಲ ನೋಡ್ರಿ!"

೨. ಮಂಕಿ ಕ್ಯಾಪ್

ತಣ್ಣಗೂ ಇರಬೇಕು, ಬೆಳಕೂ ಬೇಕು. ಅಂಥ ಜಾಗ ಮನೆಯಲ್ಲಿ ಒಂದೇ: ನಾನು ಆಫೀಸು ನಡೆಸುತ್ತಿದ್ದ ಮೇಲಿನ ಕೋಣೆ. ಹೆಂಡತಿ ಗಿಡವನ್ನು ಅಲ್ಲಿಟ್ಟು ಹೀಟರ್ ಆರಿಸಿದಳು. "ರೀ, ಬಿಸಿಗೆ ಅದು ಒಣಗ್ತದ. ನಿಮಗೇನಾಗ್ತದ?"

ಮಂಕಿ ಕ್ಯಾಪ್ ಹಾಕಿಕೊಂಡು ವಿಡಿಯೋ ಮೀಟಿಂಗಿಗೆ ಕೂತೆ. ಮ್ಯಾನೇಜರ್ ಇದೇನೆಂದು ಕೇಳಿದರು. "ನಮ್ಮ ಕಡೆ ಹಿರಿಯರ ಮುಂದೆ ತಲೆ ಮುಚ್ಚಬೇಕು, ಗೌರವ" ಅಂದೆ. ಅವರ ಕಣ್ಣು ತೇವವಾಯಿತು. ಮುಂದಿನ ಸೋಮವಾರ ಇಡೀ ಟೀಮು ಉಣ್ಣೆ ಟೋಪಿಯಲ್ಲಿ ಹಾಜರು. ಇಡೀ ಟೀಮಲ್ಲ, ಇಬ್ಬರು. ಆದರೆ ಹೇಳುವಾಗ ಇಡೀ ಟೀಮೇ ಚೆಂದ.

೩. ಉಡಿ

ಅತ್ತೆ ತಂಬಿಗೆ ಹಿಡಿದು ಮಹಡಿಯನ್ನೂ ಹತ್ತಿದರು. ಕೊನೆಗೆ, "ಅತ್ತೆ, ಗಿಡ ವ್ರತ ಹಿಡಿದಿದೆ. ಶನಿವಾರ ಮಾತ್ರ ನೀರು" ಅಂದೆ. ಇದು ನಾಟಿತು. "ಭಾಳ ಮಡೀವಂತ ಹುಡುಗಿ" ಅಂತ ವಾರಕ್ಕೊಂದು ಲೋಟಕ್ಕೆ ಇಳಿದರು. ಗಿಡ ಚಿಗುರಿತು, ನೀಲಿ ಹೂವೂ ಬಿಟ್ಟಿತು.

ಈಸ್ಟರ್ ಹಿಂದಿನ ದಿನ ಅಜ್ಜಿ ಬಂದು ಬಾಗಿಲಲ್ಲಿ ನಿಂತರು. ಅತ್ತೆ ಕಣ್ಣೊರೆಸಿಕೊಂಡು, "ಹಂಗ ಬರಿಗೈಲೆ ಹೆಂಗ ಕಳಸೂದು?" ಎನ್ನುತ್ತ ಕುಂಡಕ್ಕೆ ಕುಂಕುಮ ಹಚ್ಚಿದರು. ತವರಿನಿಂದ ಮಗಳನ್ನು ಕಳಿಸುವ ಹಾಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು ಗಿಡಕ್ಕೆ ಉಡಿ ತುಂಬಿದರು.

ಅಜ್ಜಿ ಖುಷಿಯಿಂದ ಬಗ್ಗಿ ಮೂಸಿ, ಒಂದು ಕೊಂಬೆಯನ್ನು ಲಟಕ್ಕನೆ ಮುರಿದರು. "ಅದ್ಭುತ! ನಾಳೆ ಹಬ್ಬಕ್ಕೆ ಕುರಿಯ ತೊಡೆ ಬೇಯಿಸುತ್ತೀನಿ. ಇದನ್ನೆಲ್ಲ ಕತ್ತರಿಸಿ ಅದರ ಮೇಲೆ!"

ಅಜ್ಜಿಯ ಡಚ್ಚು ತಿಳಿಯದೆ ಅತ್ತೆ ನನ್ನ ಮುಖ ನೋಡಿದರು. ನಾನು ಏನೋ ಒಂದು ಹೇಳಿ ತೇಲಿಸಬಹುದಿತ್ತು. ಆ ಚಳಿಗಾಲದಲ್ಲಿ ಅದೊಂದು ಸಲ ಮಾತ್ರ ಏನೂ ಸೇರಿಸದೆ, ಅಜ್ಜಿಯ ಮಾತನ್ನು ಅಕ್ಷರಶಃ ಕನ್ನಡದಲ್ಲಿ ಹೇಳಿದೆ.

ಅತ್ತೆ ಕುಂಡವನ್ನು ಎದೆಗವಚಿಕೊಂಡು ಒಳಗೆ ನಡೆದರು. "ಹೇಳ್ರಿ ಆಕೀಗೆ, ಅಳಿಯಂದ್ರ! ಇಂಥಾ ಮನಿಗೆ ನಮ್ಮ ಹುಡುಗೀನ್ನ ಕೊಡಂಗಿಲ್ಲ!"