ಉಗ್ರಾಣವನ್ನು ಹೊಕ್ಕ ಸಾಫ್ಟ್‌ವೇರು

ಒಂದನ್ನು ಮತ್ತೊಂದೆಂದು ತಿಳಿಯುವ ಭ್ರಾಂತಿಗೆ ನಮ್ಮ ಹಿರಿಯರು ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತವನ್ನು ಕೊಟ್ಟರು. ಪಾಪ, ಅವರ ಕಾಲದಲ್ಲಿ ಕಾರ್ಖಾನೆಯ ಸಾಫ್ಟ್‌ವೇರು ಇರಲಿಲ್ಲ. ಇದ್ದಿದ್ದರೆ ಹಗ್ಗವನ್ನೂ ಹಾವನ್ನೂ ಅವುಗಳ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಅಂಥ ಭ್ರಾಂತಿ ಅಲ್ಲಿ ವಾರಕ್ಕೊಂದಾದರೂ ಹುಟ್ಟುತ್ತದೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಗಳಾಗಿದ್ದ ಕಾಲದ ಮಾತು. ಅಧ್ಯಾಪನದಿಂದ ನಿವೃತ್ತನಾಗಿ, ಬಸವೇಶ್ವರನಗರದ ಮನೆಯಲ್ಲಿ ಹಳೆಯ ಓಲೆಗರಿಗಳ ಪಾಠಾಂತರಗಳನ್ನು ಹೋಲಿಸುತ್ತ ಕುಳಿತಿದ್ದ ನನ್ನನ್ನು ರಾಜಾಜಿನಗರದ ಪಂಪು ಕಾರ್ಖಾನೆಯೊಂದರ ಯಜಮಾನರು ಕರೆಸಿಕೊಂಡರು. ಖರೀದಿ, ಉಗ್ರಾಣ, ರವಾನೆಗಳನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸುವ ವಿದೇಶದ ಸಾಫ್ಟ್‌ವೇರನ್ನು ಅವರು ತರಿಸಿದ್ದರು. ಅದರ ಕೈಪಿಡಿಯನ್ನು ಕನ್ನಡದಲ್ಲಿ ಬರೆಯಬೇಕಾಗಿತ್ತು. ಸಿಸ್ಟಂ ಅಡ್ಮಿನ್ ಆಗಿದ್ದ ಹುಬ್ಬಳ್ಳಿಯ ಹೆಣ್ಣುಮಗಳು ಹೇಳುವುದು, ನಾನು ಬರೆಯುವುದು, ಸ್ಟೋರ್ ಕೀಪರ್ ಓದಿ ಕಲಿಯುವುದು ಎಂದು ಏರ್ಪಾಡಾಯಿತು.

ಸ್ಟೋರ್ ಕೀಪರ್ ಕೆಂಗೇರಿಯವರು. ಇಪ್ಪತ್ತೇಳು ವರ್ಷಗಳಿಂದ ಆ ಉಗ್ರಾಣದಲ್ಲಿದ್ದು, ಯಾವ ಬೋಲ್ಟು ಯಾವ ಗೂಡಿನಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವರು. ಅವರಿಗೆ ಯಜಮಾನರು ಮೊದಲ ದಿನವೇ ಅಪ್ಪಣೆ ಕೊಡಿಸಿದರು: “ಸಂಕ್ರಾಂತಿಯೊಳಗೆ ನೀನೊಬ್ನೇ ಕಂಪ್ಯೂಟರಲ್ಲಿ ಒಂದು ಲೋಡ್ ಮಾಲು ಕಳಿಸ್ಬೇಕು ಕಣಯ್ಯ. ಆಗ್ಲಿಲ್ಲ ಅಂದ್ರೆ ಸ್ಟೋರಿಗೆ ಬೇರೆಯವ್ರು, ನೀನು ಗೇಟಿಗೆ.”

ಗೇಟೆಂದರೆ ಟೋಪಿ, ಸೀಟಿ, ಮತ್ತು ನಿನ್ನೆಯವರೆಗೆ ತನ್ನೆದುರು ಸ್ಪ್ಯಾನರಿಗಾಗಿ ಕೈಯೊಡ್ಡಿದವರ ಊಟದ ಡಬ್ಬಿಗಳನ್ನು ತಡಕುವ ಉದ್ಯೋಗ. ಆ ದಿನ ಅವರು ಕಾಫಿಯನ್ನು ಮುಟ್ಟಲಿಲ್ಲ.

೧. ಕನಸಿನ ಪೊರಕೆಗಳು

ಸಾಫ್ಟ್‌ವೇರಿನಲ್ಲಿ ಎರಡು ಲೋಕಗಳಿದ್ದವು. ಒಂದು ಅಭ್ಯಾಸಕ್ಕಾಗಿ ಇಟ್ಟ ಟೆಸ್ಟ್ ಸಿಸ್ಟಂ, ಇನ್ನೊಂದು ನಿಜವಾದ ವ್ಯವಹಾರ ನಡೆಯುವ ಲೈವ್ ಸಿಸ್ಟಂ. ರೂಪದಲ್ಲಿ ಎರಡೂ ಅವಳಿಗಳು. ಪರದೆಯ ನೆತ್ತಿಯ ಮೇಲಿನ ಪಟ್ಟಿ ಮಾತ್ರ ಟೆಸ್ಟಿಗೆ ಹಸಿರು, ಲೈವಿಗೆ ಕೆಂಪು.

ಸ್ಟೋರ್ ಕೀಪರ್ ಹಸಿರು ಪಟ್ಟಿಯಲ್ಲಿ ಐನೂರು ಬೇರಿಂಗುಗಳನ್ನು ಕೊಟ್ಟೆನೆಂದು ನಮೂದಿಸಿದರು. ಎದ್ದು ಹೋಗಿ ಗೂಡನ್ನು ನೋಡಿ ಗಾಬರಿಯಿಂದ ಮರಳಿದರು. “ಮೇಷ್ಟ್ರೇ, ಕೊಟ್ಟಿದ್ದೆಲ್ಲಾ ಅಲ್ಲೇ ಇದೆ!”

ನಾನು ಉತ್ಸಾಹದಿಂದ ಜಾಗ್ರತ್ ಸ್ವಪ್ನಗಳ ಭೇದವನ್ನು ವಿವರಿಸಿ, “ಇದು ಕನಸೆಂದು ತಿಳಿಯಿರಿ. ಕನಸಿನಲ್ಲಿ ಏನು ಮಾಡಿದರೂ ಬಾಧೆಯಿಲ್ಲ” ಎಂದೆ. ಅದು ಅವರ ಮನಸ್ಸಿಗೆ ಹಿಡಿಸಿತು. ಪಟ್ಟಿಯ ಬಣ್ಣವೊಂದು ಹಿಡಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಮುಂದೆ ಲಾರಿಯೊಂದು ನಿಂತಿತು. ಅದರ ತುಂಬ ತೆಂಗಿನ ಪೊರಕೆಗಳು, ಎಣಿಸಿದರೆ ಆರುನೂರು.

ಯಜಮಾನರು ಗರ್ಜಿಸಿದರು: “ಪಂಪ್ ಮಾಡೋ ಫ್ಯಾಕ್ಟ್ರಿಗೆ ಆರ್ನೂರು ಪೊರಕೆ ಯಾಕಯ್ಯ?”

ಸ್ಟೋರ್ ಕೀಪರ್ ಕೈ ಮುಗಿದು ವಿನಯದಿಂದ ಹೇಳಿದರು: “ಕನಸು ಅಂದ್ಕೊಂಡೆ ಸಾರ್. ಕನಸೇ ಆದ್ರೂ ದುಬಾರಿ ಸಾಮಾನು ಯಾಕೆ ವೇಸ್ಟ್ ಮಾಡೋದು ಅಂತ ಪೊರಕೆಗೆ ಆರ್ಡರ್ ಹಾಕ್ದೆ.”

೨. ಧಾರೆಯ ಹೊತ್ತಿನ ಬೇರಿಂಗುಗಳು

ಒಳಗೆ ಬಂದವನು ಯಾರು ಎಂಬುದನ್ನು ಗುರುತಿಸುವುದು ಬೇರೆ; ಅವನು ಏನೇನು ಮಾಡಬಹುದೆಂಬ ಅನುಮತಿ ಬೇರೆ. ಪಾಸ್‌ವರ್ಡು ಮೊದಲನೆಯದಕ್ಕೆ ಸೇರಿದ್ದು, ಅದು ಆಯಾ ಮನುಷ್ಯನ ಮುಖವಿದ್ದಂತೆ ಎಂದು ಕೈಪಿಡಿಯಲ್ಲಿ ಎರಡು ಪುಟ ಬರೆದಿದ್ದೆ. ಸ್ಟೋರ್ ಕೀಪರ್ ಮಾತ್ರ ಅದನ್ನು ಉಗ್ರಾಣದ ಬೀಗದ ಕೈಯೆಂದು ತಿಳಿದಿದ್ದರು. ರಜೆ ಹೋಗುವಾಗ ಬೀಗದ ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗುವುದು ಧರ್ಮವಲ್ಲವೇ?

ಕೆಂಗೇರಿಯಲ್ಲಿ ಅವರ ಮಗಳ ಮದುವೆ ನಡೆಯಿತು. ಯಜಮಾನರೂ ಬಂದು ಅಕ್ಷತೆ ಹಾಕಿ ಉಂಡು ಹೋದರು. ಮಾರನೆಯ ವಾರ ಸಾಫ್ಟ್‌ವೇರಿನ ವರದಿಯನ್ನು ಕೈಯಲ್ಲಿ ಹಿಡಿದು ಸ್ಟೋರ್ ಕೀಪರರನ್ನು ಕರೆಸಿದರು.

“ಮುಹೂರ್ತದ ಹೊತ್ತಲ್ಲಿ ನೀನು ನಲವತ್ತು ಬೇರಿಂಗ್ ಕೊಟ್ಟಿದೀಯ ಅಂತಿದೆಯಲ್ಲಯ್ಯ?”

“ಇಲ್ಲ ಸಾರ್, ಧಾರೆ ಎರೀತಿದ್ದೆ. ನೀವೇ ಎದುರಿಗಿದ್ರಲ್ಲ!”

“ನಾನಿದ್ದೆ. ನೀನಿರ್ಲಿಲ್ಲ ಅಂತಿದೆ ಮೆಷಿನ್ನು.”

ಅಡ್ಮಿನ್ ಉಗ್ರಾಣಕ್ಕೆ ಹೋಗಿ ನೋಡಿಬಂದು ಹಣೆ ಚಚ್ಚಿಕೊಂಡಳು. “ಪಾಸ್‌ವರ್ಡ್ ಬಾಗಲಾ ಮ್ಯಾಲ ಸುಣ್ಣದಕಡ್ಡಿಲೆ ಬರದಾರ್ರೀ ಸರ, ಹೋಗೋರು ಬರೋರು ಎಲ್ಲಾರಿಗೂ ಕಾಣೂಹಂಗ!”

“ಸುಮ್ನೆ ಬರೆದಿಲ್ಲಮ್ಮ,” ಎಂದರು ಸ್ಟೋರ್ ಕೀಪರ್, ನೊಂದ ದನಿಯಲ್ಲಿ. “ಕೆಳಗಡೆ ದಪ್ಪಕ್ಷರದಲ್ಲಿ ‘ಇದು ಗುಟ್ಟು, ಯಾರೂ ಓದಬಾರದು’ ಅಂತಾನೂ ಹಾಕಿದೀನಿ.”

ಅಂದು ಯಜಮಾನರು ಗೇಟಿನ ಕಡೆಗೆ ಕೈ ತೋರಿಸಿದರು.

೩. ಬೀಗ ಹಾಕಿದವರ ಅನುಮತಿ

ಖರೀದಿ ವಿಭಾಗದ ಮೇಲಧಿಕಾರಿಗಳು ನಿವೃತ್ತರಾದರು. “ಅವ್ರನ್ನ ಸಿಸ್ಟಂನಿಂದ ತೆಗೆದುಹಾಕಮ್ಮ” ಎಂದರು ಯಜಮಾನರು.

“ಅಳಸಾಕ ಬರಂಗಿಲ್ರೀ ಸರ, ಹಳೇ ಕಾಗದಪತ್ರದಾಗೆಲ್ಲಾ ಅವರ ಹೆಸರೈತಿ. ಕೀಲಿ ಹಾಕ್ತೀನಿ,” ಎಂದು ಅಡ್ಮಿನ್ ಬೀಗ ಹಾಕಿದಳು. ಆದರೆ ಅನುಮತಿ ಕೋರುವ ಅರ್ಜಿಗಳು ಹೋಗುವ ದಾರಿಯನ್ನು ತಿರುಗಿಸಲು ಮರೆತಳು. ಮನುಷ್ಯನಿಗೆ ಬೀಗ ಬಿದ್ದರೂ ಪದವಿ ಬಾಗಿಲು ತೆರೆದುಕೊಂಡೇ ಕುಳಿತಿತ್ತು. ಸ್ಟೋರ್ ಕೀಪರರು ಗ್ಯಾಸ್ಕೆಟ್ಟಿಗಾಗಿ ಹಾಕಿದ ಅರ್ಜಿ ಹನ್ನೊಂದು ದಿನ ಆ ಬಾಗಿಲಲ್ಲಿ ತಪಸ್ಸು ಮಾಡಿತು.

ಕೊನೆಗೆ ಅರ್ಜಿಯನ್ನು ಕಾಗದದ ಮೇಲೆ ಬರೆದುಕೊಂಡು ಅವರು ಬಸ್ಸು ಹತ್ತಿ ವಿಜಯನಗರದಲ್ಲಿದ್ದ ಆ ಅಧಿಕಾರಿಗಳ ಮನೆಗೇ ಹೋದರು. ನಿವೃತ್ತರು ಬನಿಯನ್ನಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ಸಾರ್, ಮೆಷಿನ್ನು ಇನ್ನೂ ನಿಮ್ಮ ಒಪ್ಪಿಗೇನೇ ಕೇಳ್ತಾ ಇದೆ.”

ಅವರ ಕಣ್ಣು ತುಂಬಿ ಬಂತು. ಸಹಿ ಹಾಕಿ ಒಳಗೆ ಕೂಗಿದರು: “ಕೇಳಿದೆಯೇನೇ? ಈ ಮನೇಲಿ ಯಾರೂ ನನ್ನ ಮಾತು ಕೇಳಲ್ಲ. ಅಲ್ಲಿ ಮೆಷಿನ್ನು ನನ್ನ ಕೇಳ್ದೆ ಒಂದು ಹೆಜ್ಜೆ ಇಡಲ್ಲ!”

ಒಳಗಿನಿಂದ ಉತ್ತರ ಬಂತು: “ಹಾಗಾದ್ರೆ ರಾತ್ರಿ ಸಾರನ್ನೂ ಅದಕ್ಕೇ ಮಾಡೋಕ್ಹೇಳಿ.”

೪. ರಾಹುವಿನ ವಿದೇಶವಾಸ

ಸಂಕ್ರಾಂತಿಗೆ ಮೂರು ವಾರವಿರುವಾಗ ಯಜಮಾನರಿಗೊಂದು ಯೋಚನೆ ಹೊಳೆಯಿತು. ರಾಹುಕಾಲದಲ್ಲಿ ಯಾವ ಲೋಡೂ ಹೊರಡಕೂಡದು. ಹೊರಡಿಸಲು ಹೋದರೆ ಸಾಫ್ಟ್‌ವೇರೇ ತಡೆಯಬೇಕು.

“ಅದು ಸೆಟ್ಟಿಂಗಿನಾಗ ಇಲ್ರೀ ಸರ. ಬ್ಯಾರೆ ಪ್ರೋಗ್ರಾಂ ಬರೀಬೇಕಾಗತೈತಿ,” ಎಂದಳು ಅಡ್ಮಿನ್.

“ಇಷ್ಟು ದೊಡ್ಡ ಸಾಫ್ಟ್‌ವೇರು, ರಾಹುಕಾಲ ಇಲ್ವೇ?” ಎಂದು ಯಜಮಾನರು ನಿಜವಾಗಿಯೂ ಬೆರಗಾದರು. ಆಕೆ ಪಂಚಾಂಗವನ್ನು ಮುಂದಿಟ್ಟುಕೊಂಡು ಪ್ರೋಗ್ರಾಂ ಬರೆದಳು. ಆಮೇಲೆ ದಿನವೂ ಬೆಳಿಗ್ಗೆ ಆಕೆ ಲೋಡು ಕಳಿಸುವಾಗ ಸ್ಟೋರ್ ಕೀಪರ್ ಪಕ್ಕದಲ್ಲಿ ಕುಳಿತು, ಒಂದು ಚೀಟಿಯಲ್ಲಿ ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದರು.

ಹಬ್ಬಕ್ಕೆ ಮುಂಚಿನ ಕೊನೆಯ ಶುಕ್ರವಾರ ಪರೀಕ್ಷೆಯ ದಿನ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಅದು ಸಂಪೂರ್ಣವಾಗಿ ತೊಲಗಲೆಂದು ಯಜಮಾನರು ಮಧ್ಯಾಹ್ನ ಮೂರೂ ಹತ್ತಕ್ಕೆ ಬಂದು ಹಿಂದೆ ನಿಂತರು. ಸ್ಟೋರ್ ಕೀಪರ್ ಒಂದೊಂದೇ ಅಕ್ಷರವನ್ನು ಒತ್ತಿ, ಪಟ್ಟಿ ಕೆಂಪೆಂಬುದನ್ನು ಎರಡು ಸಲ ನೋಡಿ, ಕೊನೆಯ ಗುಂಡಿ ಅದುಮಿದರು.

ಪರದೆಯ ಮೇಲೆ ಮೂಡಿತು: ‘ರಾಹುಕಾಲ. ರವಾನೆಗೆ ಅವಕಾಶವಿಲ್ಲ.’

“ಮುಗಿದು ಮೂರು ಗಂಟೆ ಆಯ್ತಲ್ಲಯ್ಯ! ಏನ್ ಒತ್ತಿದೆ? ಇನ್ನು ನಿನಗೆ ಕಲಿಸೋಕಾಗಲ್ಲ. ನಾಳೆಯಿಂದ ಗೇಟು.”

ನಾನು ಕೈಪಿಡಿಯನ್ನು ಆದ್ಯಂತ ತಿರುವಿದೆ, ರಾಹುವಿನ ಸುಳಿವಿರಲಿಲ್ಲ. ಸ್ಟೋರ್ ಕೀಪರ್ ಕುರ್ಚಿ ಬಿಟ್ಟು ಏಳಲಿಲ್ಲ. ಪರದೆಯ ಮೂಲೆಯ ಸಣ್ಣ ಗಡಿಯಾರವನ್ನು ತೋರಿಸಿದರು.

“ತಪ್ಪು ಒತ್ತಿಲ್ಲ ಸಾರ್. ನಮ್ಮ ಟೈಮ್ ಬೇರೆ, ಸರ್ವರ್ ಟೈಮ್ ಬೇರೆ. ಈ ಕಂಪ್ಯೂಟರ್‌ಗೆ ಬುದ್ಧಿ ಹೇಳೋ ದೊಡ್ಡ ಮೆಷಿನ್ನು ಯೂರೋಪಲ್ಲಿ ಕೂತಿದೆ. ಅಲ್ಲೀಗ ಬೆಳಿಗ್ಗೆ ಹತ್ತೂ ನಲವತ್ತು. ಅದು ಅದರ ರಾಹುಕಾಲ ಆಚರಿಸ್ತಾ ಇದೆ.”

ಅಡ್ಮಿನ್ ನಾಲಗೆ ಕಚ್ಚಿಕೊಂಡಳು. “ಖರೇನರೀ ಸರ! ಇಲ್ಲೀ ಟೈಮ್ ನೋಡಂತ ಬರೀಬೇಕಿತ್ತು, ಸರ್ವರ್ ಟೈಮ್ ನೋಡಂತ ಬರದುಬಿಟ್ಟೀನಿ.”

ಯಜಮಾನರ ಮುಖ ಮೆಲ್ಲಗೆ ಬಿಳಿಚಿತು. “ಹಾಗಾದ್ರೆ... ನಮ್ಮ ರಾಹುಕಾಲದಲ್ಲಿ?”

“ಧಾರಾಳವಾಗಿ ಬಿಟ್ಟಿದೆ ಸಾರ್. ಇವತ್ತು ಬೆಳಿಗ್ಗೇನೇ ಎರಡು ಲೋಡ್ ಹೋಯ್ತು.” ಚೀಟಿಯನ್ನು ಬಿಡಿಸಿದರು. “ಈ ಎರಡು ವಾರದಲ್ಲಿ ಒಂಬತ್ತು.”

“ಮೊದ್ಲೇ ಯಾಕೆ ಬೊಗಳಲಿಲ್ಲ?”

“ನಿಯಮ ನಿಮ್ದು, ಮೆಷಿನ್ನು ನಿಮ್ದು. ದೊಡ್ಡೋರಿಬ್ಬರ ಮಧ್ಯೆ ನಾನ್ಯಾಕೆ ಅಂತ, ಸಾರ್.”

ಯಜಮಾನರು ಸ್ಟೂಲಿನ ಮೇಲೆ ಕುಸಿದರು. “ಎಷ್ಟು ಲಾರಿ ಕೆಟ್ಟು ನಿಂತ್ವು? ಎಷ್ಟು ಮಾಲು ವಾಪಸ್ ಬಂತು?”

“ಒಂದೂ ಇಲ್ಲ ಸಾರ್. ಅದಕ್ಕೆ ಮುಂಚೆ ನೀವೇ ಪಂಚಾಂಗ ನೋಡಿ ಕಳಿಸ್ತಿದ್ರಲ್ಲ, ಆವಾಗ ನಾಲ್ಕು ವಾಪಸ್ ಬಂದಿತ್ತು.”

ನಾಲ್ಕೂವರೆಗೆ ಯೂರೋಪಿನ ರಾಹುಕಾಲ ಮುಗಿಯಿತು. ಸ್ಟೋರ್ ಕೀಪರ್ ಯಾರ ನೆರವೂ ಇಲ್ಲದೆ ಗುಂಡಿ ಒತ್ತಿದರು, ಲೋಡು ಹೊರಟಿತು. ಯಜಮಾನರು ಎದ್ದು ಅವರ ಹೆಗಲ ಮೇಲೆ ಕೈಯಿಟ್ಟು, “ಗೇಟಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀನು ಇಲ್ಲೇ ಇರು,” ಎಂದರು.

ಅಡ್ಮಿನ್ ಹಿಂಜರಿಯುತ್ತ ಕೇಳಿದಳು: “ಸರ, ಆ ಟೈಮಿಂದು ಈಗ ಸರಿ ಮಾಡಿಬಿಡ್ಲೇನ್ರೀ? ಐದ ನಿಮಿಷದ ಕೆಲಸ.”

ಯಜಮಾನರು ಎರಡೂ ಕೈಗಳಿಂದ ಕೀಬೋರ್ಡನ್ನು ಮುಚ್ಚಿದರು.

“ಬೇಡಮ್ಮ! ರಾಹು ಫಾರಿನ್ನಲ್ಲಿ ಸುಖವಾಗಿದಾನೆ. ವಾಪಸ್ ಕರೆಸ್ಬೇಡ.”